ಹನ್ನೆರಡನೇ ಜಾಕೆಟ್ಟಿನ ಜೇಡ

ಬೆಳಿಗ್ಗೆ ೯.೪೦ಕ್ಕೆ ಬಂದರು ಠಾಣೆಗೆ ಬಂದ ದೂರು ಎರಡೇ ಸಾಲಿನದು: ದ್ವೀಪದಿಂದ ಬಂದ ದೋಣಿಯ ಪಟ್ಟಿಯಲ್ಲಿ ಹನ್ನೆರಡು ಪ್ರಯಾಣಿಕರು, ಇಳಿದವರು ಹನ್ನೊಂದು. ದೂರುದಾರರು, ದೋಣಿಗೆ ಸರ್ಕಾರದ ಸಹಾಯಧನ ಕೊಡುವ ಇಲಾಖೆಯಿಂದ ಅಂದೇ ತಲೆ ಎಣಿಸಲು ಬಂದಿದ್ದ ಅಧಿಕಾರಿ. ಪಟ್ಟಿಯ ಪ್ರಕಾರ ಕಾಣೆಯಾದವಳು ಎಪ್ಪತ್ತರ ಮುದುಕಿ, ಟಿಕೆಟ್ ನಂಬರ್ ಹನ್ನೆರಡು.

೯.೫೫ಕ್ಕೆ ಎಫ್‌ಐಆರ್ ಆಯಿತು. ೧೦.೧೫ಕ್ಕೆ ಮೂವರು ಮುಳುಗುಗಾರರು ಉಕ್ಕುತ್ತಿದ್ದ ಕಡಲಿಗಿಳಿದರು.

ಕಂಡವರ ದನಿಯನ್ನೆಲ್ಲ ಕದಿಯುತ್ತಿದ್ದ ಕಾನ್‌ಸ್ಟೆಬಲ್‌ಗೆ ಠಾಣೆಯಲ್ಲಿ ಗಿಳಿ ಎಂದೇ ಹೆಸರು. ಇನ್‌ಸ್ಪೆಕ್ಟರ್ ಮೇಡಂ ಅವನ ಕೈಗೆ ಪಂಚನಾಮೆಯ ಹಾಳೆ ಕೊಟ್ಟು ಆ ದೋಣಿ ಹತ್ತಿದರು.

"ಅಜ್ಜಿ ಬಿದ್ದಿದ್ದು ನೋಡ್ಲಿಲ್ವಾ?"

"ನಾನು ನೋಡೋದು ನೀರನ್ನ ಮೇಡಂ, ಜನರನ್ನಲ್ಲ," ಎಂದ ಚಾಲಕ.

ಟಿಕೆಟ್ಟಿನ ನಂಬರಿನದೇ ಜೀವರಕ್ಷಕ ಜಾಕೆಟ್ ತೊಡಬೇಕೆಂಬುದು ಆ ದೋಣಿಯ ಕಟ್ಟಳೆ. ಗಿಳಿ ಜಾಕೆಟ್ ತೂಗುಹಾಕಿದ್ದ ಗೂಟಗಳನ್ನು ನೋಡುತ್ತ ನಡೆದ. ಹನ್ನೊಂದನೇ ಜಾಕೆಟ್ಟಿನವರೆಗೂ ಎಲ್ಲವೂ ಅಲೆಗೆ ತೊಯ್ದು ತೊಟ್ಟಿಕ್ಕುತ್ತಿದ್ದವು. ಹನ್ನೆರಡನೆಯದು ಮಾತ್ರ, ಅದರಾಚೆಯ ಬಳಸದ ಜಾಕೆಟ್ಟುಗಳಂತೆಯೇ, ಗರಿಗರಿ ಒಣಗಿತ್ತು. ಅದರ ತೋಳಿನ ಕಂಡಿಯಲ್ಲಿ ಜೇಡವೊಂದು ಬಲೆ ನೇಯ್ದು ಸಂಸಾರ ಹೂಡಿತ್ತು.

"ಮೇಡಂ, ಅಜ್ಜಿ ದೋಣೀನೇ ಹತ್ತಿಲ್ಲ."

ಮೇಡಂ ವೈರ್‌ಲೆಸ್‌ನಲ್ಲಿ ಹೇಳಿದರು. ಶೋಧದ ಮುಖ್ಯಸ್ಥ ಒಪ್ಪಲಿಲ್ಲ. "ಜೇಡನ ಸಾಕ್ಷಿ ನಂಬಿ ನಿಲ್ಸೋಕಾಗಲ್ಲ. ಟಿಕೆಟ್ ಕೊಟ್ಟೋನು ಹೇಳ್ಲಿ. ಒಬ್ಬನಿಗೆ ಆಗ್ಲೇ ಮೂಗಲ್ಲಿ ರಕ್ತ. ಹನ್ನೆರಡೂವರೆಗೆ ಸೆಳೆತ ಇನ್ನೂ ಜಾಸ್ತಿ ಆಗತ್ತೆ."

ಪೊಲೀಸ್ ದೋಣಿ ಶೋಧಕ್ಕೆ ಹೋಗಿತ್ತು. ಫೋಟೊ, ಪಂಚರ ಸಹಿ ಮುಗಿಸಿ ಪ್ರಯಾಣಿಕರ ದೋಣಿಯಲ್ಲೇ ದ್ವೀಪಕ್ಕೆ ಹೊರಟರು. ಗಿಳಿ ಪೊಲೀಸ್ ಪಾಸ್ ತೋರಿಸಿದ. "ಜೀವನದಲ್ಲಿ ನಾನು ಪಾಸಾಗಿದ್ದು ಇದೊಂದರಲ್ಲೇ."

ಮೇಡಂ ನಗಲಿಲ್ಲ.

೧೨.೧೦. ಟಿಕೆಟ್ ಗುಮಾಸ್ತ ಕಿಟಕಿಯ ಹಿಂದೆ ಬೆವರುತ್ತಿದ್ದ.

"ಅಜ್ಜಿ ಯಾರು?"

"ಹೊರಗಿನವರು. ಪರಿಚಯ ಇಲ್ಲ."

"ಮಾತಾಡಿದ್ರಾ?"

"ಹೂಂ."

ಗಿಳಿ ಗಂಟಲು ಗೊಗ್ಗರು ಮಾಡಿದ: "ಒಂದು ಟಿಕೆಟ್ ಕೊಡಪ್ಪಾ... ಹೀಗಾ?"

"ಹಾಂ, ಹೀಗೇ."

ಗಿಳಿ ದನಿಯನ್ನು ಕೀರಲಿಗೇರಿಸಿದ: "ಬೇಗ ಕೊಡೋ ಮಗಾ! ಅಥವಾ ಹೀಗಾ?"

"ಹಾಂ... ಅದೇ."

"ಎರಡು ಗಂಟಲಿನ ಅಜ್ಜಿ," ಎಂದರು ಮೇಡಂ. ವೈರ್‌ಲೆಸ್ ಅನ್ನು ಅವನ ಮುಂದಿಟ್ಟರು. ಅದರೊಳಗೆ ಯಾರೋ ಕೂಗುತ್ತಿದ್ದರು: ಮತ್ತೆ ಇಳೀತಿದೀವಿ.

"ಇಲ್ಲದ ಅಜ್ಜಿಗೋಸ್ಕರ ಇರೋ ಒಬ್ಬ ಸಾಯ್ಬೇಕಾ?"

"ನಿಲ್ಸಿ ಮೇಡಂ!" ಗುಮಾಸ್ತ ವೈರ್‌ಲೆಸ್ಸಿಗೇ ಬಾಯಿ ಕೊಟ್ಟು ಕಿರುಚಿದ. "ಯಾರೂ ಇಲ್ಲ! ನಾನೇ ಬರ್ದಿದ್ದು!"

೧೨.೨೫ಕ್ಕೆ ಶೋಧ ನಿಂತಿತು. ೧೨.೪೦ಕ್ಕೆ ಬಂಧನ.

ಅವನ ಹೇಳಿಕೆ ಅರ್ಧ ಪುಟವೂ ಆಗಲಿಲ್ಲ. ಒಂದು ಸಲಕ್ಕೆ ಹನ್ನೆರಡು ಜನ ತುಂಬದಿದ್ದರೆ ಸಹಾಯಧನ ರದ್ದು. ಅದು ನಿಂತರೆ ದೋಣಿಯೂ ನಿಂತಂತೆ. ಅವನ ಹೆಂಡತಿಗೆ ವಾರಕ್ಕೆ ಮೂರು ಸಲ ಆಚೆ ದಡದ ಆಸ್ಪತ್ರೆಯಲ್ಲಿ ಡಯಾಲಿಸಿಸ್. ಒಂದು ರೂಪಾಯಿಯೂ ಅವನ ಜೇಬಿಗಿಳಿದಿರಲಿಲ್ಲ. ಕಡಿಮೆ ಬಿದ್ದ ಟಿಕೆಟ್ಟಿಗೆ ತನ್ನ ಸಂಬಳವನ್ನೇ ಹಾಕುತ್ತಿದ್ದ.

ಮೂರು ಗಂಟೆಯ ದೋಣಿಗೆ ಅವನ ಹೆಂಡತಿಯೂ ಬಂದಳು, ಮುಂಗೈಗೆ ಪಟ್ಟಿ, ಕಂಕುಳಲ್ಲಿ ಚೀಲ.

"ಅಣ್ಣಾ, ಮುಂದಿನ ವಾರ ದೋಣಿ ಇರತ್ತಾ?"

ಗಿಳಿ ದೋಣಿ ಹತ್ತಿದವರ ತಲೆ ಎಣಿಸಿದ.

ಚಾಲಕನೇ ಟಿಕೆಟ್ ಹರಿಯುತ್ತಿದ್ದ. ಪೊಲೀಸರನ್ನೂ ಆರೋಪಿಯನ್ನೂ ಬಿಟ್ಟರೆ ಹನ್ನೊಂದು ಜನ. ಪಾಸಿನವರು ಲೆಕ್ಕಕ್ಕಿಲ್ಲ.

ಗಿಳಿ ಪಾಸನ್ನು ಜೇಬಿಗೆ ತುರುಕಿ ಚಿಲ್ಲರೆ ತೆಗೆದ. "ಒಂದು ಕೊಡಣ್ಣ."

ಮೇಡಂ ಕಡಲಿನತ್ತ ಮುಖ ತಿರುಗಿಸಿದರು.

ಜೇಡವನ್ನು ಟಿಕೆಟ್ಟಿನ ಮೇಲೆ ಹತ್ತಿಸಿ, ಹದಿಮೂರನೇ ಜಾಕೆಟ್ಟಿಗೆ ಮೆಲ್ಲಗೆ ದಾಟಿಸಿ, ಗಿಳಿ ಹನ್ನೆರಡನೆಯದನ್ನು ತೊಟ್ಟುಕೊಂಡ.