ಐದು ಸ್ಪೀಕರು, ನಡುವೆ ಅಜ್ಜಿ

"ಅಲ್ಲಾಡಬ್ಯಾಡ ಕಣವ್ವ, ಅಳತೆ ತಪ್ಪತೈತೆ," ಎಂದ ಲಕ್ಷ್ಮೀಕಾಂತ್ ಚಿಕ್ಕಪ್ಪ.

ಬೋರಕ್ಕಜ್ಜಿ ಹಾಲ್‌ನ ನಟ್ಟನಡುವೆ ಕುರ್ಚಿ ಹಾಕಿಕೊಂಡು, ಟೈಲರ್ ಅಂಗಡಿಯಲ್ಲಿ ಅಳತೆ ಕೊಡುವವರ ಹಾಗೆ ಬೆನ್ನು ನೆಟ್ಟಗೆ ಮಾಡಿ ಕುಳಿತಿದ್ದಳು. ಚಿಕ್ಕಪ್ಪ ಟೇಪಿನ ಡಬ್ಬಿ ಹಿಡಿದು ಮೂಲೆಯಲ್ಲಿ ಸ್ಟೂಲ್ ಹತ್ತಿದ್ದ. ಟೇಪಿನ ತುದಿಯನ್ನು ಅಜ್ಜಿಯ ಎಡಗಿವಿಗೆ ತಾಗಿಸಿ ನಿಂತಿದ್ದವಳು ಅವನ ಅಣ್ಣನ ಮಗಳು ಮೇಘಶ್ರೀ. ಅವಳ ಮುಖ ಬೆಳಗ್ಗಿನಿಂದಲೇ ಊದಿಕೊಂಡಿತ್ತು.

ಚಿಕ್ಕಪ್ಪನ ಮಗಳು ಬೃಂದಾ ನೆಲದ ಮೇಲೆ ಸೀಮೆಸುಣ್ಣದಲ್ಲಿ ಹಾಲ್‌ನ ಚಿತ್ರ ಬರೆದಿದ್ದಳು. ಟಿವಿಯ ಕೆಳಗೆ ಒಂದು ಸ್ಪೀಕರು, ಅದರ ಎಡಕ್ಕೊಂದು, ಬಲಕ್ಕೊಂದು. ಕೂರುವವರ ಬೆನ್ನ ಹಿಂದೆ ಎರಡು ಮೂಲೆಗೆ ಎರಡು. ಗುಡುಗುವುದಕ್ಕೆಂದೇ ಒಂದು ದಪ್ಪ ಡಬ್ಬ, ಅದರ ಹೆಸರು ವೂಫರ್. ಎಲ್ಲದರ ನಡುವೆ ದೊಡ್ಡ ಸೊನ್ನೆ. ಸೊನ್ನೆಯೊಳಗೆ 'ಅಜ್ಜಿ' ಎಂದು ಬರೆದು ಅದಕ್ಕೆ ಎರಡು ಕಿವಿ ಬೇರೆ ಇಟ್ಟಿದ್ದಳು.

ಭಾನುವಾರ ನಮ್ಮನೆಗೆ ಹೋಮ್ ಥಿಯೇಟರ್ ಬರುತ್ತದೆ, ಅದು ಸರೌಂಡ್ ಸೌಂಡ್, ಸುಮ್ಮನೆ ತಂದು ಇಟ್ಟರೆ ಆಗುವುದಿಲ್ಲ, ಪ್ಲಾನ್ ಬೇಕು ಎಂದು ಚಿಕ್ಕಪ್ಪ ವಿವರಿಸಿದ. ಸಿನಿಮಾದಲ್ಲಿ ಹಕ್ಕಿ ಹಿಂದಿನಿಂದ ಹಾರಿ ಬಂದರೆ ಸದ್ದೂ ಹಿಂದಿನಿಂದಲೇ ಬರಬೇಕು. ಅದಕ್ಕೆ ಎಡದ ಸ್ಪೀಕರು ಎಡಗಿವಿಗೆ ಎಷ್ಟು ದೂರವೋ, ಬಲದ್ದು ಬಲಗಿವಿಗೆ ಅಷ್ಟೇ ದೂರ ಇರಬೇಕು. ಆ ಮನೆಯಲ್ಲಿ ಎಲ್ಲರಿಗಿಂತ ಹೆಚ್ಚು ಹೊತ್ತು ಟಿವಿ ಮುಂದೆ ಕೂರುವುದು ಅಜ್ಜಿ. ಹಾಗಾಗಿ ಅಜ್ಜಿಯ ಕಿವಿಯಿಂದಲೇ ಅಳತೆ ಶುರುವಾಗಿತ್ತು.

"ನೋಡೆ ಮೇಘಿ, ಅಜ್ಜಿ ಸೆಂಟರು," ಎಂದಳು ಬೃಂದಾ. "ಥಿಯೇಟರ್ ಬಂದ್ಮ್ಯಾಲೆ ಅಜ್ಜಿ ಯಾವಾಗ್ಲೂ ನಮ್ಮನೇಲೇ ಇರ್ತೈತೆ. ನಮ್ಮಪ್ಪ ದೊಡ್ಡಪ್ಪನ ಹತ್ರ ಮಾತಾಡ್ತಾರಂತೆ."

ಟೇಪಿನ ತುದಿ ಮೇಘಶ್ರೀಯ ಕೈಯಿಂದ ಜಾರಿ ಸರ್ರನೆ ಡಬ್ಬಿಯೊಳಗೆ ಓಡಿತು. ಚಿಕ್ಕಪ್ಪ ಬೈಯಲಿಲ್ಲ, ಇನ್ನೊಂದು ಸಲ ಹಿಡಿ ಎಂದ.

ರಾಮಗಿರಿಯಲ್ಲಿ ಈ ಇಬ್ಬರು ಹುಡುಗಿಯರ ಮನೆ ಮೊದಲು ಒಂದೇ ಆಗಿತ್ತು. ಅವರ ಅಪ್ಪಂದಿರು, ಅಣ್ಣ ತಮ್ಮ, ಬೇರೆಯಾದಾಗ ನಡುವೆ ಗೋಡೆ ಎದ್ದಿತು. ಹೊಲ ಪಾಲಾಯಿತು, ಪಾತ್ರೆ ಪಾಲಾಯಿತು. ಆದರೆ ಅಜ್ಜಿಯನ್ನು ಪಾಲು ಮಾಡುವುದು ಹೇಗೆ? ಅದಕ್ಕೆ ಸರದಿ ಮಾಡಿದರು. ಒಂದು ಅಮಾವಾಸ್ಯೆಯಿಂದ ಇನ್ನೊಂದು ಅಮಾವಾಸ್ಯೆಯವರೆಗೆ ಮೇಘಶ್ರೀಯ ಮನೆ, ಆಮೇಲೆ ಬೃಂದಾಳ ಮನೆ. ಅಮಾವಾಸ್ಯೆಯ ಊಟ ಮುಗಿಯುತ್ತಲೇ ಅಜ್ಜಿ ತನ್ನ ಕೌದಿಯನ್ನು ಕಂಕುಳಲ್ಲಿ ಇಟ್ಟುಕೊಂಡು ಆ ಬಾಗಿಲಿಂದ ಈ ಬಾಗಿಲಿಗೆ ಬಂದುಬಿಡುತ್ತಿದ್ದಳು. ಮುಂದಿನ ಅಮಾವಾಸ್ಯೆಗೆ ಬರಬೇಕಾದದ್ದು ಮೇಘಶ್ರೀಯ ಮನೆಗೆ.

ಸಂಜೆ ಅವಳು ಅಪ್ಪನ ಬೆನ್ನು ಹತ್ತಿದಳು. ನಮಗೂ ಹೋಮ್ ಥಿಯೇಟರ್ ಬೇಕು, ಅದೂ ಅವರದಕ್ಕಿಂತ ದೊಡ್ಡದು. ಅಪ್ಪ ಪ್ರದೀಪ್‌ಗೆ ಎಲ್ಲವೂ ತಮಾಷೆ. ನಮ್ಮ ಟಿವಿ ಹಾಕಿದರೆ ಪಕ್ಕದ ಮನೆಗೂ ಕೇಳುತ್ತದೆ, ಅದಕ್ಕಿಂತ ಸರೌಂಡ್ ಬೇಕಾ ಎಂದು ನಕ್ಕ. ಅಜ್ಜಿಯ ವಿಷಯ ಎತ್ತಿದಾಗ ಮಾತ್ರ ನಗು ನಿಲ್ಲಿಸಿದ.

"ಅವ್ವಂಗೆ ಎಲ್ಲಿ ಚೆನ್ನಾಗಿ ಹೊತ್ತು ಹೋಗತೈತೋ ಅಲ್ಲಿರ್ಲಿ ಬಿಡು ಮಗ," ಎಂದ.

ಇದೆಂಥ ಮಾತು! ಮೇಘಶ್ರೀ ಊಟ ಬೇಡವೆಂದು ಗೋಡೆಗೆ ಮುಖ ಮಾಡಿ ಮಲಗಿದಳು. ಆ ಗೋಡೆಯ ಆಚೆಯಿಂದ ಬೃಂದಾಳ ನಗು ಕೇಳುತ್ತಿತ್ತು. ಹೊಸ ಸೈಕಲ್ ಅವಳಿಗೆ, ಬೆಳಕು ಮಿನುಗುವ ಶೂ ಅವಳಿಗೆ, ಈಗ ಅಜ್ಜಿಯೂ ಅವಳಿಗೇ.

ಆದರೆ ಮೇಘಶ್ರೀಯ ಹತ್ತಿರ ಒಂದು ಗುಟ್ಟಿತ್ತು. ಅಜ್ಜಿಗೆ ಎಡಗಿವಿ ಕೇಳುತ್ತಿರಲಿಲ್ಲ. ಒಂದು ಸಲ ಅಜ್ಜಿಯ ಎಡಕ್ಕೆ ಮಲಗಿ ಶಾಲೆಯ ಸುದ್ದಿಯನ್ನೆಲ್ಲ ಹೇಳಿ ಮುಗಿಸಿದ್ದಳು. ಅಜ್ಜಿ ಮಾತ್ರ ನಿದ್ದೆ ಬಂತೇನೆ, ಯಾಕೆ ಸುಮ್ಮನಿದ್ದೀಯ ಎಂದು ಕೇಳಿದ್ದಳು. ಆವತ್ತೇ ಅವಳನ್ನು ಬಲಕ್ಕೆ ಎಳೆದುಕೊಂಡು, ಆ ಕಿವಿ ಯಾವತ್ತೋ ಹೋಯಿತು, ಯಾರಿಗೂ ಹೇಳಬೇಡ, ಗೊತ್ತಾದರೆ ಆಸ್ಪತ್ರೆ, ಕಿವಿಗೆ ಹಾಕುವ ಮಿಷನ್ನು ಎಂದು ನನ್ನ ಜೀವ ತಿನ್ನುತ್ತಾರೆ ಎಂದಿದ್ದಳು. ಅವತ್ತಿನಿಂದ ಅಜ್ಜಿಯ ಬಲಗಡೆ ಮೇಘಶ್ರೀಯ ಜಾಗ. ಬೃಂದಾ ಬೇರೆ ರೂಮಿನಲ್ಲಿ ಮಲಗುತ್ತಿದ್ದಳು. ಅವಳಿಗೆ ಇದೆಲ್ಲ ಎಲ್ಲಿ ಗೊತ್ತಾಗಬೇಕು!

ಚಿಕ್ಕಪ್ಪ ಆ ಕಿವಿಗೇ ಟೇಪು ಹಿಡಿಸಿದಾಗ ಮೇಘಶ್ರೀ ಬಾಯಿ ಬಿಡಲಿಲ್ಲ. ಅಜ್ಜಿಗೆ ಮಾತು ಕೊಟ್ಟಿದ್ದೇನಲ್ಲ ಎಂದು ತನಗೆ ತಾನೇ ಹೇಳಿಕೊಂಡಳು. ಅದು ಬರೀ ನೆಪ. ಹಾಕಲಿ, ಐದು ಸ್ಪೀಕರೂ ಹಾಕಲಿ, ಒಂದೇ ಕಿವಿಯ ಅಜ್ಜಿಗೆ ಸದ್ದು ಎಡದ್ದೋ ಬಲದ್ದೋ ಒಂದೂ ಗೊತ್ತಾಗದೆ ಬೇಜಾರಾಗಲಿ, ಕೌದಿ ಎತ್ತಿಕೊಂಡು ನಮ್ಮನೆಗೆ ಬರಲಿ ಎನ್ನುವುದು ಅವಳ ಹೊಟ್ಟೆಯಲ್ಲಿದ್ದ ನಿಜವಾದ ಮಾತು.

ಭಾನುವಾರ ಥಿಯೇಟರ್ ಬಂತು. ಗೋಡೆ ಕೊರೆದು, ವೈರು ಎಳೆದು, ಎಲ್ಲ ಕೂರಿಸುವ ಹೊತ್ತಿಗೆ ಮಧ್ಯಾಹ್ನವಾಯಿತು. ಓಣಿಯ ಮಕ್ಕಳೆಲ್ಲ ಬಂದು ಹಾಲ್‌ನಲ್ಲಿ ಕಿಕ್ಕಿರಿದರು. ಮೇಘಶ್ರೀಯ ಅಪ್ಪನೂ ಬಾಗಿಲಲ್ಲಿ ನಿಂತಿದ್ದ. ಅಜ್ಜಿ ಹೊಸ ಸೀರೆ ಉಟ್ಟು ನಡುವಿನ ಕುರ್ಚಿಯಲ್ಲಿ ಕುಳಿತಿದ್ದಳು.

ಚಿಕ್ಕಪ್ಪ ಒಂದು ಆಟ ಹೂಡಿದ. ಕಣ್ಣು ಮುಚ್ಚಿಕೊಳ್ಳಬೇಕು, ಸದ್ದು ಬಂದ ಕಡೆ ಕೈ ತೋರಿಸಬೇಕು. ಮಕ್ಕಳು ಒಬ್ಬೊಬ್ಬರಾಗಿ ಸರಿಯಾಗಿ ತೋರಿಸಿದರು. ಆಮೇಲೆ ಬೃಂದಾ ಕುಣಿಯುತ್ತ, ಈಗ ಅಜ್ಜಿ, ಈಗ ಅಜ್ಜಿ ಎಂದಳು.

ಹಿಂದಿನ ಎಡ ಮೂಲೆಯಲ್ಲಿ ಹಕ್ಕಿ ಕೂಗಿತು. ಅಜ್ಜಿ ಬಲಕ್ಕೆ ಕೈ ತೋರಿಸಿದಳು. ಮಕ್ಕಳು ಕಿಸಕ್ಕೆಂದರು. ಟಿವಿಯ ಎಡಕ್ಕೆ ಗಂಟೆ ಬಾರಿಸಿತು. ಅಜ್ಜಿಯ ಕೈ ಮತ್ತೆ ಬಲಕ್ಕೆ. ಈ ಸಲ ದೊಡ್ಡವರೂ ನಕ್ಕರು. ಆಮೇಲೆ ಎಡಗಡೆಯಿಂದ ರೈಲೊಂದು ಧಡಧಡ ಬಂತು, ಕಿಟಕಿಯ ಗಾಜು ನಡುಗಿತು. ಅಜ್ಜಿಯ ಮುಖ ಅರಳಿತು. ಇದಾದರೂ ಗೊತ್ತು ಎಂಬ ಧೈರ್ಯದಿಂದ ಬಲಗಡೆಯ ಕಿಟಕಿಯತ್ತ ಕೈ ಚಾಚಿದಳು. ಅವರ ಊರಿನ ಸ್ಟೇಷನ್ ಇರುವುದು ಆ ದಿಕ್ಕಿಗೆ.

"ಇದು ಟಿವಿದಲ್ಲ ಕಣ್ರಪ್ಪ, ನಮ್ಮ ಸ್ಟೇಷನ್ ಗಾಡಿ. ಇವತ್ಯಾಕೋ ಲೇಟಾಗಿ ಬಂದೈತೆ," ಎಂದಳು.

ನಗುವೋ ನಗು. ಒಬ್ಬ ಹುಡುಗ ನೆಲಕ್ಕೆ ಬಿದ್ದು ಹೊರಳಾಡಿದ. ಅಜ್ಜಿ ಕಣ್ಣು ಬಿಟ್ಟು ಸುತ್ತ ನೋಡಿ, ತಾನೂ ನಕ್ಕಳು. ನಗುತ್ತಲೇ ಸೆರಗನ್ನು ತಲೆಯ ಮೇಲೆ ಎಳೆದು ಎಡಗಿವಿಯನ್ನು ಮುಚ್ಚಿಕೊಂಡಳು. ಅದನ್ನು ನೋಡಿದವಳು ಮೇಘಶ್ರೀ ಒಬ್ಬಳೇ.

ಅವಳು ಬಯಸಿದ್ದು ಇದನ್ನೇ. ಬಯಸಿದ್ದು ಸಿಕ್ಕಿದಾಗ ಖುಷಿಯಾಗಬೇಕಿತ್ತು. ಆಗಲಿಲ್ಲ. ಬೃಂದಾ ಕೂಡ ನಗುತ್ತಿರಲಿಲ್ಲ. ಅಜ್ಜಿಗೆ ನಮ್ಮ ಥಿಯೇಟರ್ ಸೇರಲಿಲ್ಲ ಎಂದು ಅಳುಮುಖ ಮಾಡಿದ್ದಳು.

"ಚೆಂದಾಗೈತೆ ಕಣವ್ವ, ನಂಗೇ ತಿಳೀವಲ್ದು," ಎಂದು ಅಜ್ಜಿ ಅವಳನ್ನು ಸಮಾಧಾನ ಮಾಡಿದಳು. ಚಿಕ್ಕಪ್ಪ ಬಿಡಲಿಲ್ಲ, ಸೌಂಡ್ ಜಾಸ್ತಿ ಮಾಡಿ ಇನ್ನೊಂದು ಸಲ ಹಾಕುತ್ತೇನೆ ಎಂದ. ಪಾಪ, ಅಜ್ಜಿ ಒಳ್ಳೆಯ ಹುಡುಗಿಯ ಹಾಗೆ ಮತ್ತೆ ಕಣ್ಣು ಮುಚ್ಚಿದಳು.

ಮೇಘಶ್ರೀ ಎದ್ದಳು. ಮಕ್ಕಳನ್ನು ದಾಟಿಕೊಂಡು ಹೋಗಿ ಅಜ್ಜಿಯ ಬಲಕ್ಕೆ ಮಂಡಿಯೂರಿ ಕೂತು, ಮುದ್ದು ಮಾಡುವವಳ ಹಾಗೆ ಕುತ್ತಿಗೆಗೆ ಕೈ ಹಾಕಿದಳು. ಹಕ್ಕಿ ಕೂಗಿತು. ಅವಳು ಬಲಗಿವಿಗೆ ತುಟಿ ತಾಗಿಸಿ, ಹಿಂದೆ, ಎಡಕ್ಕೆ ಎಂದು ಉಸುರಿದಳು. ಅಜ್ಜಿ ಒಂದು ಗಳಿಗೆ ತಡೆದು, ಹಿಂದೆ, ಎಡಕ್ಕೆ ಕೈ ತೋರಿಸಿದಳು. ಗಂಟೆ ಬಾರಿಸಿತು. ಅದೂ ಸರಿಯಾಯಿತು. ರೈಲು ಎಡದಿಂದ ಬಲಕ್ಕೆ ಓಡುವಾಗ ಅಜ್ಜಿಯ ಬೆರಳೂ ಅದರ ಜೊತೆಗೇ ಓಡಿತು.

ಹಾಲ್ ತುಂಬ ಚಪ್ಪಾಳೆ. ಬೃಂದಾ ಓಡಿಬಂದು ಅಜ್ಜಿಯನ್ನು ತಬ್ಬಿಕೊಂಡಳು. ಚಿಕ್ಕಪ್ಪ ಹಿಗ್ಗಿ ಹೋಗಿ, ನೋಡಿದೆಯಾ ಅಣ್ಣ, ಅವ್ವನಿಗೆ ಎಷ್ಟು ಸೇರಿತು, ಇನ್ನು ಮೇಲೆ ಇಲ್ಲೇ ಇರಲಿ ಎಂದ. ಅಪ್ಪ ಅಜ್ಜಿಯ ಕಡೆ ನೋಡಿದ.

"ಅಮಾಸೆ ಬರ್ಲಿ ತಡ್ರಪ್ಪ, ನೋಡಾಣ," ಎಂದಳು ಅಜ್ಜಿ.

ಸರದಿಯಂತೆ ಬರುತ್ತಾಳೋ ಇಲ್ಲವೋ, ಆ ಮಾತಿನಲ್ಲಿ ಏನೂ ಗೊತ್ತಾಗಲಿಲ್ಲ. ಮೇಘಶ್ರೀಗೆ ಇನ್ನೂ ಸಂಕಟವಾಗುತ್ತಿತ್ತು. ಹೊಟ್ಟೆಕಿಚ್ಚು ಅಷ್ಟು ಬೇಗ ಆರುವುದಿಲ್ಲವಲ್ಲ.

ಚಿಕ್ಕಪ್ಪ ಸಿನಿಮಾ ಹಾಕಿದ. ಬೃಂದಾ ಅಜ್ಜಿಯ ಎಡಗಡೆ ಕುಳಿತು, ಅದು ನೋಡು ಅಜ್ಜಿ, ಇದು ಕೇಳು ಅಜ್ಜಿ ಎಂದು ಒಂದೇ ಸಮ ಹೇಳತೊಡಗಿದಳು. ಅಜ್ಜಿ ಸುಮ್ಮನೆ ತಲೆಯಾಡಿಸುತ್ತಿದ್ದಳು. ಮೇಘಶ್ರೀ ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಎದ್ದು ಹೋಗಿ ಬೃಂದಾಳ ಕೈ ಹಿಡಿದು ಎಳೆದಳು.

"ಲೇ, ನೀನು ಆ ಕಡೆ ಕುಂತ್ಕ. ಏನು ಹೇಳಾದಿದ್ರೂ ಆ ಕಡೆಯಿಂದ್ಲೇ ಹೇಳು."

"ಯಾಕೆ? ಅದು ನಿನ್ನ ಜಾಗ ಅಲ್ವಾ?"

"ಕೇಳಬ್ಯಾಡ. ಕುಂತ್ಕ, ಅಷ್ಟೇ."

ಬೃಂದಾ ಬಲಕ್ಕೆ ಹೋಗಿ ಕುಳಿತಳು. ಏನೋ ಹೇಳಿದಳು. ಅಜ್ಜಿ ಈ ಸಲ ಬಾಯಿ ತುಂಬ ನಕ್ಕು, ಹೌದಾ ಎಂದು ಕೇಳಿ, ಮತ್ತೇನೋ ವಿಚಾರಿಸಿದಳು.

ಮೇಘಶ್ರೀ ಎಡಗಡೆ ನೆಲದ ಮೇಲೆ ಕುಳಿತಳು. ಇಲ್ಲಿಂದ ಏನು ಹೇಳಿದರೂ ಅಜ್ಜಿಗೆ ಕೇಳುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು. ಅದಕ್ಕೆ ಏನೂ ಹೇಳಲಿಲ್ಲ. ಅಜ್ಜಿಯ ಎಡಗೈ ಹಿಡಿದುಕೊಂಡಳು. ಅಜ್ಜಿ ಬೃಂದಾಳ ಮಾತು ಕೇಳುತ್ತ, ಈ ಕಡೆ ತಿರುಗದೆಯೇ, ಆ ಪುಟ್ಟ ಕೈಯನ್ನು ಮೆಲ್ಲಗೆ ಅದುಮಿದಳು.