ಎಣ್ಣೆಬಟ್ಟೆಯ ಬಿರಡೆ

ಮೈ ಕೊರೆಯುವ ಚಳಿಗಾಲ. ಆಗತಾನೆ ಬೆಳಕು ಹರಿಯುತ್ತಿತ್ತು. ಪೋಸ್ಟ್‌ಮಾಸ್ತರ ಕಾರು ಇಳಿಜಾರಿನ ತಿರುವಿನಲ್ಲಿ ಕಲ್ಲುಗೋಡೆಗೆ ಮೂತಿ ಜಜ್ಜಿಕೊಂಡು ನಿಂತಿತ್ತು. ಮಾಸ್ತರ ಕಾಲು ಮುರಿದಿತ್ತು.

"ಆಕ್ಸಿಲರೇಟರಿಂದ ಕಾಲು ತೆಗೆದೆ. ಆದ್ರೂ ಓಡ್ತಾನೇ ಇತ್ತು ಕಣ್ರಯ್ಯಾ!"

ಹಿಂದಿನ ಸಂಜೆಯಷ್ಟೇ ಅದು ನಮ್ಮ ಗ್ಯಾರೇಜಿನಿಂದ ಹೋಗಿತ್ತು. ರಿಪೇರಿ ತಡಮಾಡಿದಿರಿ ಅಂತ ಮಾಸ್ತರು ನಮ್ಮ ಮೇಸ್ತ್ರಿಯ ಜೊತೆ ಜಗಳಕ್ಕೆ ಬಿದ್ದದ್ದು ಬೀದಿಗೆಲ್ಲ ಕೇಳಿತ್ತು.

ನಾನು ಅಲ್ಲಿ ಬಣ್ಣ ಬಳಿಯುವವನು. ಆ ತಿನ್ನರ್ ವಾಸನೆ ಈಗಲೂ ಮೂಗಿನಲ್ಲಿದೆ. ಮೇಸ್ತ್ರಿಯ ಅಳಿಯ ಅಲ್ಲೇ ಕೆಲಸ ಕಲಿತು, ಬಿಸಿಲೂರಿನ ಬಂದರಿನ ಗ್ಯಾರೇಜಿನಲ್ಲಿ ಬಹಳ ಕಾಲ ದುಡಿದು, ಆ ವರ್ಷವಷ್ಟೇ ಮರಳಿದ್ದ. ಸ್ವೆಟರಿನ ಮೇಲೆ ಸ್ವೆಟರು.

"ಏನ್ ಅಳಿಯಂದಿರೇ, ಕಂಬಳಿಗೆ ಕೈಕಾಲು ಬಂದಂಗಿದೀರಿ," ಅಂತ ಛೇಡಿಸುತ್ತಿದ್ದೆ.

\* \* \*

ಇನ್ಸ್‌ಪೆಕ್ಟರಮ್ಮ ಬಾನೆಟ್ ಎತ್ತಿಸಿದರು. ಎಂಜಿನ್ನಿಗೆ ಗಾಳಿ ಬಿಡುವ ಬಾಗಿಲು, ಥ್ರಾಟಲ್. ಅದಕ್ಕೆ ಬಿಸಿನೀರು ತರುವ, ಒಯ್ಯುವ ಎರಡು ಸಣ್ಣ ಪೈಪುಗಳನ್ನು ಯಾರೋ ಕಿತ್ತು, ಒಂದಕ್ಕೊಂದು ಜೋಡಿಸಿದ್ದರು.

"ಬಿಸಿನೀರು ಯಾಕೆ?"

"ಚಳಿಗೆ ಬಾಗಿಲು ಹೆಪ್ಪುಗಟ್ಟಬಾರ್ದು ಅಂತ," ಅಂದ ಮೇಸ್ತ್ರಿ. "ತಪ್ಪಿಸಿದ್ರೆ ಮಂಜು ಕಟ್ಟಿ, ತೆರೆದದ್ದು ತೆರೆದಂಗೇ ಕಚ್ಕೊಳ್ಳುತ್ತೆ."

ಬಗ್ಗಿ ನೋಡಿದ. ಏನೋ ಕಂಡಿತು. ಕಿವಿ ಕೆಂಪಾಯಿತು.

"ನಾನೇ ಮಾಡ್ದೆ. ಜಗಳದ ಸಿಟ್ಟಿಗೆ."

ಸುಳ್ಳು ಹೇಳುವಾಗಲೆಲ್ಲ ಅವನ ಕಿವಿ ಕೆಂಪಾಗುತ್ತಿತ್ತು. ನನಗೆ ಗೊತ್ತಿತ್ತು. ಆದರೂ ಜೀಪು ಅವನನ್ನು ಒಯ್ದಿತು. ಕೊಲೆಯತ್ನ ಅಂದರು.

\* \* \*

ಗುರುವಾರ ಬೆಳಿಗ್ಗೆ ಅದೇ ಜೀಪು ಗ್ಯಾರೇಜಿನ ಮುಂದೆ ನಿಂತಿತು. ಮೇಸ್ತ್ರಿ ಜೀಪಿನೊಳಗೇ ಕೂತಿದ್ದ. ಇನ್ಸ್‌ಪೆಕ್ಟರಮ್ಮ ಬೆಂಚಿನ ಮೇಲಿದ್ದ ಬಿಚ್ಚಿದ ಪಂಪು ಎತ್ತಿದರು. ಅದರ ಬಾಯಿಗೆ ಎಣ್ಣೆಬಟ್ಟೆ ಸುರುಳಿ ಸುತ್ತಿ ತುರುಕಿತ್ತು.

"ಎಲ್ಲದಕ್ಕೂ ಹೀಗೇನಾ?"

"ಹೂಂ ಅಮ್ಮಾ," ಅಂದೆ. "ಬಾಯಿ ತೆರೆದಿಟ್ರೆ ಮೇಸ್ತ್ರಿ ತಲೆಗೆ ಮೊಟಕ್ತಿದ್ದ. ಬಾಯಿಬಿಟ್ಟ ಪೈಪಿಗೂ ಬಾಯಿಬಡುಕನಿಗೂ ಕಸವೇ ಗತಿ ಅಂತ."

"ಆ ಕಾರಿನ ಥ್ರಾಟಲ್‌ನ ಎರಡು ಖಾಲಿ ಮೂತಿಗೂ ಇದೇ ಬಿರಡೆ. ಅಂದ್ರೆ ಕೈ ಈ ಗ್ಯಾರೇಜಿನದು. ಆದ್ರೆ ಕೊಲ್ಲೋಕೆ ಹೊರಟವನು ಕಸ ಹೋಗದ ಹಾಗೆ ಕಾಪಾಡ್ತಾನಾ? ಸೆಕೆ ಊರಲ್ಲಿ ಎಂಜಿನ್ ತಣ್ಣನೆ ಗಾಳಿ ಕುಡಿದು ಚೆನ್ನಾಗಿ ಎಳೀಲಿ ಅಂತ ಈ ಪೈಪು ತಪ್ಪಿಸ್ತಾರೆ. ಚಳಿ ಕಂಡ ಮೇಸ್ತ್ರಿ ಮಾಡಲ್ಲ. ಕೈ ಇಲ್ಲಿಯದು, ಬುದ್ಧಿ ಬಿಸಿಲೂರಿನದು. ಅಂಥವರು ಯಾರಿದ್ದಾರೆ?"

ಅಳಿಯ ಸ್ಪ್ಯಾನರ್ ಕೆಳಗಿಟ್ಟು ಮುಂದೆ ಬಂದ.

"ಕಾರು ದಿಣ್ಣೆ ಹತ್ತಲ್ಲ ಅಂತ ಮಾಸ್ತರು ಗೊಣಗ್ತಿದ್ರು. ಮಾವ ಹೊರಗೆ ಹೋದಾಗ ಒಳ್ಳೇದಕ್ಕೇ ಮಾಡ್ದೆ. ಆಮೇಲೆ... ಮಾವ ಒಪ್ಕೊಂಡಾಗ ನಾಲಗೆ ಏಳಲಿಲ್ಲ."

"ಮಾಡಿದ್ದು ದಡ್ಡತನ. ಮಾವನ್ನ ಲಾಕಪ್ಪಿಗೆ ಬಿಟ್ಟು ಸುಮ್ಮನಿದ್ದದ್ದಕ್ಕೆ ಏನಂತೀಯ?"

ಅವನು ಎಣ್ಣೆಗೈ ಒರೆಸಿಕೊಂಡು ಜೀಪಿನ ಕಡೆ ನಡೆದ.

ಮೇಸ್ತ್ರಿ ಜೀಪಿನಿಂದ ಇಳಿದ. "ಆ ಬಿರಡೆ ಸುತ್ತೋದು ಇವನಿಗೆ ಕಲಿಸಿದ್ದೇ ನಾನು. ನೋಡಿದ ಕೂಡಲೇ ಮಗಳ ಮುಖ ಕಣ್ಮುಂದೆ ಬಂತು ಕಣೋ," ಅಂದ ನನ್ನ ಹತ್ತಿರ.

ಅಳಿಯ ಜೀಪು ಹತ್ತಿದ. ಮೇಸ್ತ್ರಿ ಹೆಗಲ ಕಂಬಳಿ ತೆಗೆದು ಅವನಿಗೆ ಹೊದಿಸಿದ.

"ಅಲ್ಲಿ ನೆಲ ತಣ್ಣಗಿರುತ್ತೆ. ಮಡಚಿ ಹಾಸ್ಕೋ."

ಬಂದವನು ಮಾವ, ಹೋದವನು ಅಳಿಯ. ಅದೇ ಜೀಪು.