ಚಂದನಾ ತೆಗೆದಿಟ್ಟ ಏಣಿ

"ಹ್ವಾಯ್! ನಿಮ್ಗೆ ಕಣ್ಣ್ ಕಾಂತಿಲ್ಯಾ? ನನ್ನ ಬಸಳೆ!"

ಬಚ್ಚಲಿನ ಮಾಡಿನ ಮೇಲೆ ಸೋಲಾರ್ ಪ್ಯಾನೆಲ್ ಕೂರಿಸುತ್ತಿದ್ದವನು ಬೆಚ್ಚಿ ಕೆಳಗೆ ನೋಡಿದ. ಅವನ ಎಡಗಾಲಿನಡಿ ಮಾಡಿಗೆ ಹಬ್ಬಿದ್ದ ಬಸಳೆ ಬಳ್ಳಿ ಅಪ್ಪಚ್ಚಿಯಾಗಿತ್ತು.

"ಅಯ್ಯೋ, ಕಾಣ್ಲಿಲ್ಲ ಮರಾಯ್ರೆ! ತಪ್ಪಾಯ್ತ್..."

ಚಂದನಾ ಏಣಿಯನ್ನೇ ತೆಗೆದು ತೆಂಗಿನ ಮರಕ್ಕೆ ಒರಗಿಸಿ ಒಳಗೆ ಹೋದಳು!

ಅರ್ಧ ಗಂಟೆ ಬಿಸಿಲಲ್ಲಿ ಬೆಂದ ಜಿತೇಂದ್ರ, ಅವಳು ಏಣಿ ವಾಪಸ್ ಇಟ್ಟಾಗ ಬೈಯಲಿಲ್ಲ. "ಒಂದ್ ಲೋಟ ನೀರ್ ಸಿಕ್ಕುತ್ತಾ?" ಎಂದು ನಕ್ಕ.

ಹಾಳಾದ ನಗು! ಅವಳ ಎದೆಯಲ್ಲಿ ಕೂತದ್ದು ಏಳಲೇ ಇಲ್ಲ.

ಇದು ೨೦೧೪ರ ಮಾತು. ತೆಕ್ಕಟ್ಟೆಯ ಆ ಮನೆಯ ಯಜಮಾನ, ಚಂದನಾಳ ಅಪ್ಪ ದೇವು ದೋಣಿ ಮಗುಚಿ ಕಾಲು ಮುರಿದುಕೊಂಡು ಎರಡು ವರ್ಷವಾಗಿತ್ತು. ಅಂದಿನಿಂದ ಗೋಡೆಗೆ ಮುಖ ಮಾಡಿ ಮಲಗಿದವರು ಯಾರೊಂದಿಗೂ ಮಾತಾಡಿರಲಿಲ್ಲ. ಸಮುದ್ರವೇ ಉಸಿರಾಗಿದ್ದ ಅಪ್ಪನಿಗೆ ಹಿತ್ತಲಿಗಾದರೂ ಮೀನು ತರುತ್ತೇನೆಂದು ಮಗಳು ಹಟ ಹಿಡಿದಳು. ಬ್ರಹ್ಮಾವರದಲ್ಲಿ ಮೀನು ಸಾಕಣೆಯ ತರಬೇತಿ ಪಡೆದು ಪ್ಲಾಸ್ಟಿಕ್ ಹೊದಿಕೆಯ ಹಸಿರುಮನೆ ಕಟ್ಟಿಸಿದಳು. ಒಳಗೆ ತಿಲಾಪಿಯಾ ಮೀನಿನ ತೊಟ್ಟಿ, ಪಕ್ಕದಲ್ಲಿ ಜಲ್ಲಿಕಲ್ಲು ತುಂಬಿದ ಮಡಿ. ಮೀನಿನ ಹೊಲಸಿನ ನೀರನ್ನು ಜಿತೇಂದ್ರ ಕೂರಿಸಿದ ಸೋಲಾರ್ ಪಂಪು ಮಡಿಗೆ ಎತ್ತುತ್ತದೆ, ಬಸಳೆ ಹರಿವೆ ಅದನ್ನು ಉಂಡು ಬೆಳೆಯುತ್ತವೆ, ತಿಳಿಯಾದ ನೀರು ಮತ್ತೆ ಮೀನಿಗೇ ಇಳಿಯುತ್ತದೆ.

ತಿಂಗಳು ಕಳೆಯುವಷ್ಟರಲ್ಲಿ ದೇವು ಕುರ್ಚಿ ಹಾಕಿಸಿಕೊಂಡು ತೊಟ್ಟಿಯ ಬಳಿ ಕೂರತೊಡಗಿದರು. ಒಂದು ದಿನ, "ಕಾಣ್ ಮಗಾ, ಇದ್ ನನ್ ಕೈಯಿಂದ್ಲೇ ತಿಂತ್!" ಎಂದರು. ಎರಡು ವರ್ಷಕ್ಕೆ ಮೊದಲ ಮಾತು! ಚಂದನಾ ಬಚ್ಚಲಿಗೆ ಹೋಗಿ ಬಿಕ್ಕಿ ಬಿಕ್ಕಿ ಅತ್ತಳು. ಹೊರಗೆ ಬಂದಾಗ ಪಂಪ್ ನೋಡುವ ನೆಪದಲ್ಲಿ ಬಂದಿದ್ದ ಜಿತೇಂದ್ರನ ಕಣ್ಣೂ ಒದ್ದೆಯಾಗಿತ್ತು.

ಪಂಪಿಗೆ ವಾರಕ್ಕೊಮ್ಮೆ ಏನು ರೋಗ ಬರುತ್ತಿತ್ತೋ, ದೇವರಿಗೇ ಗೊತ್ತು!

ಆದರೆ ಜಡಿಮಳೆಯ ಆಟಿ ತಿಂಗಳ ಒಂದು ಮಧ್ಯಾಹ್ನ... ಮೀನುಗಳೆಲ್ಲ ಮೇಲೆ ಬಂದು ಬಾಯಿ ಬಾಯಿ ಬಿಡುತ್ತಿದ್ದವು. ಆರು ಮೀನು ಹೊಟ್ಟೆ ಮೇಲಾಗಿ ತೇಲುತ್ತಿದ್ದವು. ದೇವು ಒಳಗೆ ಹೋಗಿ ಮತ್ತೆ ಗೋಡೆಗೆ ಮುಖ ಮಾಡಿ ಮಲಗಿದರು.

ಜಿತೇಂದ್ರ ಓಡಿ ಬಂದಾಗ ಚಂದನಾ ಕೆಂಡವಾಗಿದ್ದಳು.

"ಮೋಡ ಬಂದ್ರೆ ನಿಮ್ ಪಂಪ್ ಸತ್ತೇ ಹೋತ್ತ್! ಅಪ್ಪಯ್ಯನ್ ಕಾಣಿ, ಮತ್ ಹಾಂಗೇ ಆಯ್ರ್. ನಿಮ್ಮನ್ ನಂಬಿದ್ದೇ ನನ್ ತಪ್ಪ್!"

ಪಂಪ್ ಓಡುತ್ತಲೇ ಇತ್ತು. ಅವನು ಜಲ್ಲಿಕಲ್ಲಿನೊಳಗೆ ಕೈ ಹಾಕಿ ಏನನ್ನೋ ಬೆರಳಲ್ಲಿ ಉಜ್ಜಿ ನೋಡಿದ. ಅಡುಗೆಮನೆಯ ಬಾಗಿಲಲ್ಲಿ ಅವಳ ಅಮ್ಮ ಜಲಜ ಸೆರಗನ್ನು ಬಾಯಿಗೊತ್ತಿ ನಿಂತಿದ್ದರು. ಹೇಳಬೇಕೆಂದಿದ್ದ ಮಾತನ್ನು ಅವನು ನುಂಗಿಕೊಂಡ.

"ತಪ್ಪ್ ನಂದೇ ಅಂತ ತಿಳ್ಕಣಿ. ಈಗ ನೀರ್ ಬದಲ್ ಮಾಡುವ."

ಸಂಜೆಯವರೆಗೆ ಬಾವಿಯಿಂದ ನೀರು ಹೊತ್ತ. ಹೊರಡುವಾಗ, "ಎರಡ್ ದಿನ ತಿಂಬುಕ್ ಹಾಕ್ಬೇಡಿ" ಎಂದಷ್ಟೇ ಹೇಳಿದ.

"ಇನ್ ಬರ್ಬೇಡಿ" ಎಂದಳು ಚಂದನಾ. ಅವನು ಬರಲಿಲ್ಲ.

ನಾಲ್ಕನೆಯ ದಿನ ಮೀನುಗಳು ಚೇತರಿಸಿಕೊಂಡವು. ದೇವು ಮತ್ತೆ ಕುರ್ಚಿಗೆ ಬಂದರು. 'ಅವನೊಬ್ಬ ಮಾತ್ರ ಇಲ್ಲ... ನಾನೇ ಓಡಿಸಿದೆ' ಎಂದುಕೊಂಡಳು ಚಂದನಾ.

ಪೇಟೆಯಲ್ಲಿ ಮೀನು ಮಾರಿ ಬಂದ ಜಲಜ ಬೂತಾಯಿ ಮೀನು ತೊಳೆದ ನೀರಿನ ಬೋಗುಣಿ ಹಿಡಿದು, ಹಸಿರುಮನೆಯನ್ನು ಸುತ್ತು ಹಾಕಿ ದೂರದ ತೆಂಗಿನ ಬುಡಕ್ಕೆ ಹೋದರು.

"ಅಷ್ಟ್ ದೂರ ಎಂತಕ್ಕಮ್ಮ?"

ಜಲಜ ಬೋಗುಣಿ ಕೆಳಗಿಟ್ಟು ಅತ್ತೇಬಿಟ್ಟರು. "ಜಿತೇಂದ್ರ ಗುಟ್ಟಲ್ ಹೇಳಿದ್ದ ಮಗಾ, ಇನ್ ಒಳ್ಗ್ ಹೊಯ್ಬೇಡಿ ಅಂದೇಳಿ. ಮೀನ್ ತೊಳ್ದ್ ನೀರ್ ಬಸಳಿಗೆ ಹಾಕುದ್ ನನ್ ಅಬ್ಬಿ, ಅಜ್ಜಿ ಕಾಲ್ದಿಂದ್ಲೂ ಇತ್ತಲೆ... ಚಿಗುರ್ಲಿ ಅಂದೇಳಿ ದಿನಾ ಹೊಯ್ದೆ. ಅದ್ ಮೀನಿನ್ ತೊಟ್ಟಿಗೇ ಇಳೀತ್ತ್ ಅಂತ ನಂಗೆಂತ ಗೊತ್ತ್?"

ಅಂದು ಅವನ ಬೆರಳಿಗೆ ಹತ್ತಿದ್ದು ಬೂತಾಯಿಯ ಹುರುಪೆ! ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ಹಿರಿಯರು ಸುಮ್ಮನೆ ಹೇಳಿದರೇ? ಚಂದನಾ ಅವನ ಸೋಲಾರ್ ಅಂಗಡಿಗೆ ಫೋನ್ ಮಾಡಿ ಅವನೆಲ್ಲಿದ್ದಾನೆಂದು ಕೇಳಿ, ಸಿಕ್ಕಿದ ಬಸ್ ಹತ್ತಿದಳು.

ಮರವಂತೆಯ ಹೆದ್ದಾರಿ ಪಕ್ಕದ ಮನೆಯೊಂದರ ಮಾಡಿನ ಮೇಲೆ ಅವನಿದ್ದ.

"ಹ್ವಾಯ್!"

ಅವನು ಕೆಳಗೆ ನೋಡಿದ. ನಗಲಿಲ್ಲ. "ಈಗ ಯಾರ್ ಬಸಳೆ ತುಳ್ದೆ?"

"ಅಮ್ಮ ಎಲ್ಲ ಹೇಳ್ರ್..." ಅವಳು ಏಣಿಯ ಬುಡಕ್ಕೆ ಬಂದಳು. "ನಂಗೆ ಒಂದ್ ಮಾತ್ ಹೇಳುಕಾಗ್ದಾ?"

"ಜಲಜಕ್ಕ ನಡುಗ್ತಾ ಇದ್ದಿದ್ರ್. ನೀವ್ ನಂಗ್ ಬೈದ್ರೆ ನಾನ್ ಬೈಕ್ ಹತ್ತಿ ಹೋಪುಕಾತ್ತ್. ಅವ್ರ್ ಎಲ್ಲಿಗ್ ಹೋಪುದ್?" ಅವನ ದನಿ ತಗ್ಗಿತು. "ಬೈದದ್ದಕ್ಕೆ ಬೇಜಾರಿಲ್ಲ. ನಂಬಿದ್ದೇ ತಪ್ಪ್ ಅಂದ್ರಿ ಕಾಣಿ... ಅದ್ ತಡ್ಕಂಬುಕೆ ಆಯ್ಲಿಲ್ಲ."

"ತಪ್ಪ್ ನಂದ್! ಸಾವಿರ ಸಲ ನಂದೇ!" ಅವಳು ಅಳುತ್ತಲೇ ಕೂಗಿದಳು. "ಅಪ್ಪಯ್ಯ ಬೆಳಿಗ್ಗಿಂದ ಕೇಂತಾ ಇದ್ರ್, ಜಿತೇಂದ್ರ ಎಲ್ಲಿ ಅಂದೇಳಿ."

"ಅಪ್ಪಯ್ಯ ಒಬ್ರೇಯಾ?"

"ನಂಗೂ ನೀವ್ ಬೇಕ್. ಪಂಪ್ ಹಾಳಾಗದೆ ಇದ್ರೂ ಬೇಕ್!"

ಅವನ ಮುಖದಲ್ಲಿ ಆ ಹಾಳಾದ ನಗು ಮರಳಿ ಬಂತು.

"ಕೆಳ್ಗ್ ಬತ್ತೆ. ಏಣಿ ತೆಗೂದಿಲ್ಲ ಅಲ್ದಾ?"

ಅವಳು ಕಣ್ಣೊರೆಸಿಕೊಂಡು ಏಣಿಯನ್ನು ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದಳು.

"ಬನ್ನಿ. ನಾನ್ ಹಿಡ್ಕಂಡಿದ್ದೆ."